ಬಾನೆಟ್ ಅಡಿಯ ಹಸಿರು ತೇಪೆ

ಉಡುಪಿ,
ಆಟಿ ತಿಂಗಳು, ಭಾನುವಾರ ಮಧ್ಯಾಹ್ನ

ಪುಟ್ಟಿ,

ಫೋನಿನಲ್ಲೇ ಹೇಳಬಹುದಿತ್ತು. ಅಮ್ಮನ ಕಿವಿಗೆ ಬಿದ್ದರೆ ರಾತ್ರಿ ಊಟದ ತನಕ ಅದೇ ಮಾತು. ಹಾಗಾಗಿ ಕಾಗದ.

ಕೊಚ್ಚಿಯಲ್ಲಿ ನಿನ್ನ ಆಫೀಸಿನಿಂದ ಆಟೋದಲ್ಲಿ ಹೋಗಿ ಬರುವಷ್ಟು ದೂರದ ಒಂದು ಗ್ಯಾರೇಜಿನಲ್ಲಿ ಹಳದಿ ಸ್ಯಾನ್ ಸ್ಟಾರ್ಮ್ ಕಾರು ನಿಂತಿದೆಯಂತೆ. ನಾವು ಮಾರಿದ್ದು ಕೆಂಪು. ಆದರೆ ಬಣ್ಣ ಯಾರು ಬೇಕಾದರೂ ಬದಲಾಯಿಸಬಹುದು. ನೀನು ಹೋಗಿ ಬಾನೆಟ್ ಎತ್ತಿಸಿ ನೋಡಬೇಕು.

ನಿನಗೆ ಆ ಕಾರು ಫೋಟೋದಲ್ಲಿ ಮಾತ್ರ ಗೊತ್ತು. 1998ರಲ್ಲಿ ಗೋವಾದಿಂದ ಹೊರಬಂದ ಮಾಡೆಲ್. ಎರಡೇ ಸೀಟು, ಫೈಬರ್ ಮೈ, ಮಡಚುವ ಬಟ್ಟೆಯ ಮಾಡು. ಒಳಗೆ ರೆನೋ ಕ್ಲಿಯೋದ 1149 ಸಿಸಿ ಇಂಜಿನ್. ಶಕ್ತಿ ಅರುವತ್ತು ಕುದುರೆಯ ಹತ್ತಿರ ಅಷ್ಟೆ, ಈಗಿನ ಸಾದಾ ಕಾರುಗಳೂ ಅದನ್ನು ಹಿಂದೆ ಹಾಕಿಯಾವು. ಇರಲಿ. ಮಾಡು ಮಡಚಿ ಬೈಂದೂರಿನ ಕಡೆ ಹೊರಟರೆ ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ, ಮೇಲೆ ಏನೂ ಇಲ್ಲ. ಮೊದಲ ಸಲ ಹೋದಾಗ ಅಮ್ಮ ಒಂದು ಚೆಂಡು ಶಂಕರಪುರ ಮಲ್ಲಿಗೆ ಮುಡಿದಿದ್ದಳು. ನಾವುಂದ ಮುಟ್ಟುವಾಗ ಜಡೆಯಲ್ಲಿ ಬಾಳೆನಾರು ಮಾತ್ರ ಉಳಿದಿತ್ತು.

ಒಂದು ಮಳೆಗಾಲ ನಮ್ಮದೇ ಮರದ ತೆಂಗಿನಕಾಯಿ ಬಾನೆಟ್ ಮೇಲೆ ಬಿತ್ತು. ತಗಡಾಗಿದ್ದರೆ ಬಡಿದು ಎಬ್ಬಿಸಬಹುದಿತ್ತು, ಫೈಬರ್ ಬಿರುಕು ಬಿಟ್ಟಿತು. ಟಿಂಕರಿಂಗಿನವರು ಯಾರೂ ಕೈಹಾಕಲಿಲ್ಲ. ಕಡೆಗೆ ಮಲ್ಪೆಯಲ್ಲಿ ದೋಣಿ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರಿಗೆ ಅದು ಕಾರೇ ಅಲ್ಲ, ಸಣ್ಣದೊಂದು ದೋಣಿ. ಬಿರುಕಿನ ಅಡಿಯನ್ನು ಉಜ್ಜಿ ಒರಟು ಮಾಡಿ, ಗಾಜಿನ ನಾರಿನ ಮ್ಯಾಟ್ ಕತ್ತರಿಸಿ ಇಟ್ಟು, ರೆಸಿನ್ ಅಂಟು ಅದ್ದಿದ ಬ್ರಷ್ಷಿನಲ್ಲಿ ಕುಟ್ಟಿ ಕುಟ್ಟಿ ಗಾಳಿಗುಳ್ಳೆ ಬಿಡಿಸಿದರು. ಮೇಲುಗಡೆ ನಾನು ಕೆಂಪು ಹೊಡೆಸಿದೆ. ಒಳಬದಿಗೆ ಅವರು ದೋಣಿಗೆ ಕಲಸಿ ಉಳಿದಿದ್ದ ಹಸಿರನ್ನೇ ಬಳಿದುಬಿಟ್ಟರು. ಕೇಳಿದ್ದಕ್ಕೆ, ‘ಒಳಗೆ ಯಾರು ನೋಡ್ತಾರೆ ಮಾರಾಯ್ರೆ!’

ಅಂಗೈಯಗಲದ ಆ ಹಸಿರು ತೇಪೆಯೇ ಈಗ ನನಗಿರುವ ಸಾಕ್ಷಿ. ಕಣ್ಣೂರಿನವರಿಗೆ ಮಾರಿದ್ದರಿಂದ ಕಾರಿಗೆ ಕೇರಳದ ನಂಬರ್ ಬಿದ್ದಿರುತ್ತದೆ, ನಮ್ಮ ಕೆಎ-20 ಹಿಡಿದು ಹುಡುಕಿ ಪ್ರಯೋಜನ ಇಲ್ಲ. ಚಾಸಿ ನಂಬರ್ ಬದಲಾಗುವುದಿಲ್ಲ ನಿಜ. ಮಾರುವಾಗ ಆರ್‌ಟಿಒಗೆಂದು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದಿದ್ದ ಪ್ರಿಂಟ್ ಮೊನ್ನೆ ನಿನ್ನ ಲಸಿಕೆ ಕಾರ್ಡಿನ ಕವರಿನಲ್ಲಿ ಸಿಕ್ಕಿತು. ಒರಲೆ ಹಿಡಿದು ಕೊನೆಯ ಅಂಕೆಗಳೇ ಹೋಗಿವೆ. ಆನ್‌ಲೈನಿನಲ್ಲಿ ಕೇಳುವುದೂ ಆ ಕೊನೆಯ ಐದನ್ನೇ!

ನಮ್ಮದು 1999ರ ರಿಜಿಸ್ಟ್ರೇಷನ್. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್, ಮಾಡಿಸಬೇಕು. ಈಗಲೂ ಓಡುವ ಸ್ಥಿತಿಯಲ್ಲಿದ್ದರೆ ನನ್ನಂಥ ಇನ್ನೊಬ್ಬ ಹುಚ್ಚ ಸಿಕ್ಕಿದ್ದಾನೆ ಅಂತ ಲೆಕ್ಕ.

ಇನ್ನೊಂದು ಮಾತುಂಟು. ಮಗು ಬಂದ ಮೇಲೆ ಎರಡು ಸೀಟು ಸಾಲಲಿಲ್ಲ, ಅದಕ್ಕೆ ಮಾರಿದೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೇನೆ. ನೀನೂ ‘ನಾನು ಬಂದೆ, ಕಾರು ಹೋಯ್ತು’ ಅಂತ ನಗಾಡುತ್ತಿ. ಮೊನ್ನೆ ಹಾಗೆ ಅಂದಾಗ ನಿನ್ನ ನಗು ಅರ್ಧಕ್ಕೇ ನಿಂತ ಹಾಗೆ ಕೇಳಿಸಿತು. ಅದು ಸುಳ್ಳು, ಪುಟ್ಟಿ. 2005ರಲ್ಲಿ ಅಂಗಡಿ ಸಾಲದ ಮೂರು ಕಂತು ಬಾಕಿ ಇತ್ತು, ಅದಕ್ಕೆ ಮಾರಿದ್ದು. ಸಾಲ ಅನ್ನಲು ನಾಚಿಕೆಯಾಯಿತು, ಮಗುವಿಗೋಸ್ಕರ ಅಂದರೆ ನಾಲ್ಕು ಜನ ಮೆಚ್ಚುತ್ತಾರೆ. ಅಮ್ಮನಿಗೆ ಗೊತ್ತು. ಇಷ್ಟು ವರ್ಷ ಯಾರೆದುರೂ ಬಾಯಿ ಬಿಟ್ಟವಳಲ್ಲ.

ಶನಿವಾರ ಹೋಗು. ಒಳ್ಳೆಯ ಟಾರ್ಚ್ ಹಿಡಿದುಕೋ, ಫೋನಿನ ಬೆಳಕು ಸಾಲದು. ಕೊಳ್ಳುವ ಮಾತೆತ್ತಬೇಡ, ರೇಟು ಏರಿಸುತ್ತಾರೆ. ಬಾನೆಟ್ಟಿನ ಒಳಗೂ ಹಳದಿ ಹೊಡೆದಿದ್ದರೆ ಎಲ್ಲಾದರೂ ಚಕ್ಕೆ ಎದ್ದಿದೆಯಾ ನೋಡು, ಅಡಿಯಲ್ಲಿ ಹಸಿರು ಇಣುಕೀತು.

ಕಂಡರೆ ಫೋಟೋ ತೆಗೆದು ಅಮ್ಮನ ಫೋನಿಗೂ ಕಳಿಸು. ಕಾಣದಿದ್ದರೆ ನನಗೆ ಮಾತ್ರ ಹೇಳು.

ನಿನ್ನ
ಅಪ್ಪ