ವೈವಾ ಮುಗೀತು, ನಮ್ ಮಿಸ್‌ಗೆ ನಾಲ್ಕು ಮಾತು

ಮೊನ್ನೆ ಪಿಎಚ್‌ಡಿ ವೈವಾ, ಅಂದ್ರೆ ಥೀಸಿಸ್ ಮೇಲಿನ ಬಾಯಿ ಪರೀಕ್ಷೆ, ಮುಗೀತು. ಥೀಸಿಸ್ ಕಥೆ ನಿಮ್ಗೆಲ್ಲಾ ಗೊತ್ತೇ ಇದೆ, ಬಿಡ್ತೀನಿ. ಗೈಡ್‌ಗೆ, ಲ್ಯಾಬ್‌ನೋರಿಗೆ, ಹಾಸ್ಟೆಲ್ ಗೆಳತಿಯರಿಗೆ, ಫೀಸ್ ಕಟ್ಟೋಕೆ ಹಸು ಮಾರಿದ ಅಪ್ಪ ಅವ್ವಂಗೆ, ಎಲ್ರಿಗೂ ಕೈ ಮುಗೀತೀನಿ. ಆದ್ರೆ ಇವತ್ತು ಬರೀತಿರೋದು ಮಂಡ್ಯದ ನಮ್ ಹೈಸ್ಕೂಲ್ ಸೈನ್ಸ್ ಮಿಸ್‌ಗೋಸ್ಕರ.

2010ರಲ್ಲಿ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ನಮ್ಮ ಐದು ಜನರನ್ನ ಸೇರಿಸಿದ್ದು ಅವ್ರೇ. 1993ರಿಂದ ದೇಶದ ತುಂಬಾ ನಡೀತಿರೋದು ಅದು, 10ರಿಂದ 17 ವರ್ಷದ ಮಕ್ಕಳು ತಮ್ಮೂರಿನದೇ ಒಂದು ಸಮಸ್ಯೆ ಹಿಡ್ಕೊಂಡು ತಾವೇ ಅಳೆದು ನೋಡ್ಬೇಕು. ಆ ಸಲದ ವಿಷಯ ನೆಲ. ನಮ್ ಕಡೆ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡ್ತಾರಲ್ಲ, ಹಂಗೆ ಸುಟ್ಟ ಗದ್ದೆಲಿ ಒಂದು ಗುಂಡಿ, ತರಗು ಹೊದಿಸಿ, ಕಡಿದ ಬುಡದಿಂದ್ಲೇ ಮತ್ತೆ ಚಿಗುರ್ಲಿ ಅಂತ ಕೂಳೆ ಬಿಟ್ಟ ಗದ್ದೆಲಿ ಒಂದು ಗುಂಡಿ, ವಾರಕ್ಕೊಂದ್ಸಲ ಎರೆಹುಳ ಎಣಿಸೋದು, 100 ಗ್ರಾಂ ಮಣ್ಣು ತಂದು ಕಾವಲಿ ಮೇಲೆ ಹುರಿದು ಸ್ಕೂಲ್ ತಕ್ಕಡೀಲಿ ತೂಗೋದು, ತೂಕ ಕಮ್ಮಿ ಆದಷ್ಟು ನೀರು.

ದಸರಾ ರಜೆಲಿ ಎರಡು ವಾರ ನಾನು ಗದ್ದೆಗೆ ಹೋಗ್ಲೇ ಇಲ್ಲ. ಮನೇಲಿ ಕೂತು ಅಂಕಿ ಬರ್ದೆ.

ಜಿಲ್ಲಾ ಮಟ್ಟದ ಸಮಾವೇಶದ ಹಿಂದಿನ ರಾತ್ರಿ ಎಲ್ರೂ ಮಿಸ್ ಮನೇಲೇ ಇದ್ವಿ. ಚಾರ್ಟ್ ಬರೀತಾ ಬರೀತಾ ಅವ್ರ ಪೆನ್ಸಿಲ್ ನನ್ನ ನೋಟ್‌ಬುಕ್ಕಿನ ಒಂದು ಸಾಲಿನ ಮೇಲೆ ನಿಂತ್ಕೊಳ್ತು. "ಈ ವಾರ ಮಳೆ ಹುಯ್ದಿತ್ತಲ್ಲವ್ವಾ, ಮಣ್ಣು ಹೆಂಗೆ ಒಣಗ್ತು?" ನನಗೆ ಬಾಯೇ ಬರ್ಲಿಲ್ಲ, ಅಳು ಬಂತು. ಬೈತಾರೆ, ತಂಡದಿಂದ ತೆಗೀತಾರೆ, ಅವ್ವಂಗೆ ಹೇಳ್ತಾರೆ ಅಂತ ಏನೇನೋ ಅಂದ್ಕೊಂಡೆ. ಅವ್ರು ಎದ್ದು ಹೋಗಿ ಕಾಫಿ ಮಾಡ್ಕೊಂಡು ಬಂದು ಪಕ್ಕ ಕೂತ್ರು. "ಅಳಿಸು. ಟೇಬಲ್‌ನಲ್ಲಿ ಆ ಮನೆ ಖಾಲಿ ಬಿಡು. ಕೆಳಗೆ ಅಳತೆ ಮಾಡಿಲ್ಲ ಅಂತ ಬರಿ" ಅಂದ್ರು, ಅಷ್ಟೇ. ಆಮೇಲೆ ಸರಾಸರಿ ಎಲ್ಲಾ ಹೊಸದಾಗಿ ಲೆಕ್ಕ, ಗ್ರಾಫ್ ಹೊಸದು. ಮಿಕ್ಕೋರು ಮಲಗಿದ್ರು, ಕರೆಂಟ್ ಹೋಯ್ತು, ಮಿಸ್ ಒಂದು ಕೈಲಿ ಟಾರ್ಚ್ ಹಿಡ್ಕೊಂಡು ಇನ್ನೊಂದು ಕೈಲಿ ಸ್ಕೇಲ್ ಒತ್ತಿ ಹಿಡಿದ್ರು, ನಾನು ಗೆರೆ ಎಳೆದೆ. ಮೂರು ಗಂಟೆವರೆಗೂ. ಬೆಳಗ್ಗೆ ಅವ್ರಿಗೆ ಬೇರೆ ಕ್ಲಾಸೂ ಇತ್ತು.

ನಾವು ರಾಜ್ಯಮಟ್ಟಕ್ಕೆ ಹೋಗ್ಲಿಲ್ಲ. ಜಡ್ಜ್ ಒಬ್ರು ಖಾಲಿ ಮನೆ ತೋರಿಸಿ ಯಾಕೆ ಅಂದ್ರು, ಇದ್ದಿದ್ದು ಹೇಳ್ದೆ, ತಲೆ ಆಡಿಸಿ ಮುಂದಿನ ಪ್ರಶ್ನೆ ಕೇಳಿದ್ರು. ನನ್ ಮಾತನ್ನ ದೊಡ್ಡೋರೊಬ್ರು ಅಷ್ಟು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ಪಿಯುಸಿಲಿ ಸೈನ್ಸ್ ತಗೋತೀನಿ ಅಂತ ಹಠ ಹಿಡಿದಿದ್ದು ಆ ದಿನದಿಂದ.

ಮೊನ್ನೆ ವೈವಾದಲ್ಲೂ ನನ್ನ ಒಂದು ಟೇಬಲ್‌ನಲ್ಲಿ ಖಾಲಿ ಜಾಗ ಇತ್ತು. ಕೇಳಿದ್ರು. "ಆ ತಿಂಗಳು ಸ್ಯಾಂಪಲ್ ತಗೊಳ್ಳೋಕೆ ಆಗಿಲ್ಲ ಸರ್" ಅಂದೆ, ಧ್ವನಿ ನಡುಗ್ಲಿಲ್ಲ.

ಮಿಸ್, ಆ ನೋಟ್‌ಬುಕ್ ಈ ವರ್ಷದ ಮಕ್ಕಳಿಗೆ ತೋರಿಸ್ಬೇಕು ಅಂದ್ರಲ್ಲ, ಅವ್ವನ ಟ್ರಂಕಲ್ಲಿ ಇನ್ನೂ ಇದೆ. ಭಾನುವಾರ ತರ್ತೀನಿ.