ಹಾಲು ಉಕ್ಕಿದಾಗ ರಾಮನನ್ನು ಕರೆಯಬಾರದೇ?

ಮಾನ್ಯರೇ,

'ಈಗಿನ ಮಕ್ಕಳ ಬಾಯಲ್ಲಿ ಬರೀ ಓ ಮೈ ಗಾಡ್' ಎಂದು ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬೇಸರಪಟ್ಟಿದ್ದರು. ನಮ್ಮ ಮನೆಯ ಕಥೆ ಇನ್ನೊಂದು ಥರ. ಮೊನ್ನೆ ಒಲೆ ಮೇಲೆ ಹಾಲು ಉಕ್ಕಿತು. ಅಮ್ಮ ಸೊಂಟ ಹಿಡಿದುಕೊಂಡು 'ಅಯ್ಯೋ ರಾಮಾ' ಎನ್ನುತ್ತಾ ಓಡಿದರು. ನಾಲ್ಕನೇ ಕ್ಲಾಸಿನ ಮಗಳು ತಡೆದಳು. 'ಅಜ್ಜಿ, ದೇವರ ಹೆಸರು ಸುಮ್ಸುಮ್ನೆ ಹೇಳಬಾರದು. ಗಾಷ್ ಅನ್ನಬೇಕಂತೆ, ಮಿಸ್ ಹೇಳಿದ್ದಾರೆ.' ಅಮ್ಮ ಸ್ಟವ್ ಆರಿಸಿ ಕೇಳಿದರು: 'ಅದ್ಯಾರೇ ಗಾಷು? ಕರೆದ್ರೆ ಬರ್ತಾನಾ?'

ಬರಲೇಬೇಕು. ಯಾಕೆಂದರೆ ಗಾಷ್ ಕೂಡ ದೇವರೇ, ವೇಷ ಹಾಕಿಕೊಂಡಿದ್ದಾನೆ ಅಷ್ಟೇ. ಗಾಡ್ ಎನ್ನಲು ಅಂಜಿದವರು ಬಾಲ ತಿರುಚಿ ಗಾಷ್ ಅಂದರು, ಗಾಲಿ ಅಂದರು. ಜೀಸಸ್ ಮೊಟಕಾಗಿ ಜೀಜ್ ಆಯಿತು. ಕ್ರೈಸ್ಟ್ ಕ್ರೈಕಿ ಆಯಿತು. ಬ್ಲೈಮಿ ಎನ್ನುವುದು 'ದೇವರು ನನ್ನನ್ನು ಕುರುಡು ಮಾಡಲಿ' ಎಂಬ ಆಣೆಯ ಚೂರು. ಫ್ರೆಂಚರದು ಇನ್ನೂ ತಮಾಷೆ. ದೇವರ ಜಾಗಕ್ಕೆ ಪ್ರಾಸ ಕೂಡುವ 'ನೀಲಿ' ಎಂಬ ಪದ ತಂದಿಟ್ಟು, ಬಣ್ಣದ ಮೇಲೆ ಆಣೆ ಹಾಕಿದರು!

ಅಂಜಿಕೆಗೆ ಕಾರಣವಿತ್ತು. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಎನ್ನುವುದು ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಒಂದು. 1606ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನೇ ಬಂತು. ನಾಟಕದಲ್ಲಿ ತಮಾಷೆಗೆ ದೇವರ, ಕ್ರಿಸ್ತನ ಹೆಸರೆತ್ತಿದರೆ ಪ್ರತಿ ಸಲಕ್ಕೂ 10 ಪೌಂಡ್ ದಂಡ. ಅರ್ಧ ರಾಜನಿಗೆ, ಅರ್ಧ ದಾವೆ ಹೂಡಿದವನಿಗೆ. (ಚಾಡಿ ಹೇಳಿಯೇ ಸಂಸಾರ ನಡೆಸಬಹುದಿತ್ತು.) ಷೇಕ್ಸ್‌ಪಿಯರನ 'ಒಥೆಲೊ' ನಾಟಕದ 1622ರ ಮುದ್ರಣದಲ್ಲಿ ಇಯಾಗೊ 'ಝೌಂಡ್ಸ್' ಅನ್ನುತ್ತಾನೆ. ಶಿಲುಬೆಯ ಮೇಲಿನ ಕ್ರಿಸ್ತನ ಗಾಯಗಳ ಆಣೆ ಅದು, ಸವೆದು ಅಷ್ಟಾಗಿದೆ. ಮರುವರ್ಷದ ಮುದ್ರಣದಲ್ಲಿ ನೋಡಿದರೆ ಆ ಮಾತೇ ಮಾಯ.

ನಮ್ಮಲ್ಲಿ ಲೆಕ್ಕ ಉಲ್ಟಾ. ಭಾಗವತದ ಅಜಾಮಿಳ ಸಾಯುವಾಗ ಕೂಗಿದ್ದು ನಾರಾಯಣ ಎಂಬ ಹೆಸರಿನ ಮಗನನ್ನು. ಓಡಿ ಬಂದದ್ದು ವಿಷ್ಣುವಿನ ದೂತರು. ತಮಾಷೆಗೆ ಹೇಳಿದರೂ ನಾಮ ಪಾಪ ಕಳೆಯುತ್ತದೆ ಎಂದು ಅದೇ ಕಥೆಯಲ್ಲಿದೆ. ಅಲ್ಲಿ ತಮಾಷೆಗೆ ದಂಡ, ಇಲ್ಲಿ ತಮಾಷೆಗೂ ಪುಣ್ಯ. ಹಾಗಾಗಿ ಹೆಸರು ತಿರುಚುವ ಪಾಡು ನಮಗೆ ಬರಲಿಲ್ಲ. ಕೆಟ್ಟ ಸುದ್ದಿಗೆ 'ಶಿವ ಶಿವಾ'. ಮಂಡಿ ನೋವಿಗೆ 'ಕೃಷ್ಣಾ'. ಪಕ್ಕದ ಮನೆಯವರ 'ಯಾ ಅಲ್ಲಾ' ಕೂಡ ಇದೇ ಧಾಟಿಯದು. ಚೀಟಿ ದುಡ್ಡು ಮುಳುಗಿದರೆ 'ಗೋವಿಂದ'. ಹೆಣ ಹೊತ್ತವರು 'ಗೋವಿಂದಾ ಗೋವಿಂದ' ಎಂದು ಬೀದಿಯಲ್ಲಿ ಹೋಗುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮೇಲಧಿಕಾರಿ ಬೈದರೆ ಮಂಗಳಾರತಿ, ಜಾಸ್ತಿ ಬೈದರೆ ಸಹಸ್ರನಾಮ. ಇನ್ನು ನಮ್ಮ ಮೈಸೂರಿನ ಟೀ ಅಂಗಡಿಯಲ್ಲಿ ಪಕ್ಕ ನಿಂತವನೇ ದೇವರು: 'ಏನ್ ಶಿವಾ, ಸಮಾಚಾರ?'

ಮಿಸ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಅವರ ಮೇಲೆ ಸಿಟ್ಟಿಲ್ಲ. ಆದರೆ ಗಾಷ್ ಹೇಳಿಕೊಡುವಾಗ ಅದು ಎಲ್ಲಿಂದ ಬಂತು ಎಂಬುದನ್ನೂ ಹೇಳಿಕೊಡಲಿ. ಮಕ್ಕಳಿಗೆ ಇಂಥ ಕಥೆ ಬೇಡವೆನಿಸುವುದಿಲ್ಲ. 10 ಪೌಂಡಿನ ವಿಷಯ ಕೇಳಿದ ಮಗಳು ಮಾರನೇ ದಿನ ಪೆನ್ಸಿಲ್ ಹಿಡಿದು ಅಜ್ಜಿಯ ಹಿಂದೆಯೇ ಓಡಾಡಿದಳು. ತಿಂಡಿ ಹೊತ್ತಿಗೆ ಅಮ್ಮನ ದಂಡ 110 ಪೌಂಡ್ ಮುಟ್ಟಿತ್ತು.

ಇಂತಿ,
ಒಬ್ಬ ಓದುಗ, ಮೈಸೂರು