ಆ ಬೂದು ಬಿಲ್ಲೆಗಳನ್ನು ಡಂಪ್‌ಸ್ಟರ್‌ಗೆ ಹಾಕಬೇಡ

ಪ್ರೀತಿಯ ರಘುವಿಗೆ ಕ್ಲೀವ್‌ಲ್ಯಾಂಡ್‌ನಿಂದ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಫೋಟೋಗಳನ್ನು ನಿನ್ನ ಚಿಕ್ಕಮ್ಮನಿಗೂ ತೋರಿಸಿದೆ. ಮನೆಯ ಮಾಡು ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊನೆಯಲ್ಲಿ ನೆನಪಾಗಿ ಸೇರಿಸಿದ ಹಾಗೆ ಒಂದು ಸಾಲು ಬರೆದಿದ್ದೀಯಲ್ಲ: ಹಿಂದಿನ ಅಡುಗೆಮನೆ ಮೇಲಿರುವುದು ಉಳಿದ ಕಡೆಯಂತೆ ಡಾಂಬರು ಹಾಳೆಯ ಶಿಂಗಲ್ ಅಲ್ಲ, ಬೂದು ಬಣ್ಣದ ಗಟ್ಟಿ ಬಿಲ್ಲೆಗಳು, ಅವನ್ನೂ ಶನಿವಾರ ನಾವೇ ಒಡೆದು ಬಾಡಿಗೆಗೆ ತರಿಸುವ ಅದೇ ದೊಡ್ಡ ಕಸದ ಡಬ್ಬಕ್ಕೆ, ಡಂಪ್‌ಸ್ಟರ್‌ಗೆ ತುಂಬುತ್ತೇವೆ ಅಂತ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಒಡೆಯಬೇಡ ಮಾರಾಯ. ಮೊದಲು ಅದೇನು ಅಂತ ತಿಳಿದುಕೋ.

ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್‌ನ ನಿಮ್ಮ ಮನೆ 1920ರ ದಶಕದ್ದು ಅಂತ ನೀನು ಅಂದಿದ್ದೆ. ಆ ಕಾಲದಲ್ಲಿ ಇಲ್ಲಿ ಸಿಮೆಂಟಿಗೆ ಆಸ್‌ಬೆಸ್ಟಾಸ್ ನಾರು ಕಲಸಿ, ನೋಡುವುದಕ್ಕೆ ಸ್ಲೇಟ್ ಕಲ್ಲಿನ ಹಾಗೇ ಇರುವ ಬಿಲ್ಲೆಗಳನ್ನು ಮಾಡುತ್ತಿದ್ದರು. ಬೆಂಕಿ ಹಿಡಿಯುವುದಿಲ್ಲ, ಕೊಳೆಯುವುದಿಲ್ಲ, ಜನ ಇಷ್ಟಪಟ್ಟು ಹಾಕಿಸಿಕೊಂಡರು. ನಿನ್ನದು ನಿಜವಾದ ಸ್ಲೇಟೇ ಇರಬಹುದು. ಇದ್ದರೆ ನನ್ನನ್ನು ನೋಡಿ ನಗು, ಬೇಜಾರಿಲ್ಲ. ಆದರೆ ಫೋಟೋ ನೋಡಿ ನಾನೂ ಹೇಳಲಾರೆ, ನೀನೂ ಹೇಳಲಾರೆ. ಲ್ಯಾಬ್‌ನವರು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು. ತುಂಡು ತೆಗೆಯಲು ತಿಳಿದವರನ್ನೇ ಕರೆಸು. ಅದರ ಖರ್ಚು ನಾನು ಕೊಡುತ್ತೇನೆ, ಬೇಡ ಅನ್ನಬೇಡ.

ಆ ಬಿಲ್ಲೆ ಮಾಡಿನ ಮೇಲೆ ಸುಮ್ಮನೆ ಕೂತಿದ್ದರೆ ಅಷ್ಟು ಅಪಾಯವಿಲ್ಲ. ಒಡೆದಾಗ, ಕೊಯ್ದಾಗ, ಮೇಲಿಂದ ಕಬ್ಬಿಣದ ಡಬ್ಬಕ್ಕೆ ಎಸೆದಾಗ ನಾರು ಗಾಳಿಗೆ ಎದ್ದು ಉಸಿರಿನ ಜೊತೆ ಒಳಗೆ ಹೋಗುತ್ತದೆ. ನೀನು ಮಾಡಹೊರಟಿರುವುದು ಸರಿಯಾಗಿ ಅದನ್ನೇ. ಪುಟ್ಟಿಯ ತೊಟ್ಟಿಲು ಅಡುಗೆಮನೆಯ ಪಕ್ಕದ ಕೋಣೆಯಲ್ಲಿದೆ ಅಂತ ಸುಮಾ ಫೋನಿನಲ್ಲಿ ಹೇಳಿದ್ದಳು.

1991ರ ಬೇಸಿಗೆಯಲ್ಲಿ ನಾನು ಊರಿಗೆ ಬಂದಾಗ ಅಣ್ಣ ಕೊಟ್ಟಿಗೆಯ ಸೋಗೆ ತೆಗೆಸಿ ಇದೇ ನಾರು ಕಲಸಿದ ಸಿಮೆಂಟ್ ಶೀಟು ಹಾಕಿಸುತ್ತಿದ್ದ. ಹಾಕಿಸುತ್ತಿದ್ದ ಏನು, ತಾನೇ ಅಂಗಳದಲ್ಲಿ ಕೂತು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ಯುತ್ತಿದ್ದ. ವರ್ಷವರ್ಷ ಸೋಗೆ ಹೊದೆಸುವ ಕಷ್ಟ ತಪ್ಪಿತು ಅಂತ ಅವನಿಗೆ ಎಷ್ಟು ಖುಷಿ! ಆ ಪುಡಿಯ ಮೇಲೆ ನೀನು ಬೆರಳಿನಿಂದ ಅ, ಆ ಬರೆಯುತ್ತಿದ್ದೆ. ನಿನಗೆ ಆಗ ನಾಲ್ಕು ವರ್ಷ.

ನನಗೆ ಗೊತ್ತಿತ್ತು ರಘು. ಅದನ್ನೇ ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅದಕ್ಕೂ ಮೊದಲೇ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಬಾಯ್ಲರ್ ಪೈಪಿಗೆ ಸುತ್ತಿದ್ದ ಇದೇ ನಾರಿನ ಬಿಳಿ ಹೊದಿಕೆ ಕೀಳಲು ಮೈತುಂಬ ಮುಸುಕು ಹಾಕಿಕೊಂಡ ಜನ ಬಂದಿದ್ದರು. ನಮ್ಮನ್ನೆಲ್ಲ ಹೊರಗೆ ಕಳಿಸಿ, ಪ್ಲಾಸ್ಟಿಕ್ ಪರದೆ ಕಟ್ಟಿ, ನೀರು ಚಿಮುಕಿಸಿ ತೆಗೆದರು. ಅದನ್ನು ಕಣ್ಣಾರೆ ಕಂಡವನು ಅಂಗಳದಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದೆ. ಹೇಳಿದರೆ ಅಮೆರಿಕದಿಂದ ಬಂದವನ ದೊಡ್ಡಸ್ತಿಕೆ ಅಂದಾರು ಅಂತ ಸುಮ್ಮನಾದೆ. "ಗಟ್ಟಿಯಾಗಿದೆ ಅಣ್ಣ" ಅಂದೆ. ಅಷ್ಟೇ ನಾನು ಅಂದದ್ದು.

ಆಮೇಲಿನದು ನಿನಗೆ ಗೊತ್ತು, ನಾನು ಬರೆಯುವುದಿಲ್ಲ. ಶೀಟಿನಿಂದಲೇ ಆಯಿತು ಅಂತ ಯಾವ ಡಾಕ್ಟರೂ ಹೇಳಲಿಲ್ಲ, ಬೀಡಿಯೂ ಇತ್ತಲ್ಲ. ಆದರೂ ಅವನು ಫೋನಿನಲ್ಲಿ ಕೆಮ್ಮಿದಾಗಲೆಲ್ಲ ನಾನು ಮಳೆ ಹೇಗಿದೆ, ಅಡಿಕೆ ರೇಟು ಎಷ್ಟು ಅಂತ ಮಾತು ತಿರುಗಿಸುತ್ತಿದ್ದೆ.

ನಿನ್ನನ್ನು ಹೆದರಿಸಬೇಕು ಅಂತಲ್ಲ. ಈ ನಾರಿನ ರೋಗಗಳು ಬಹಳ ನಿಧಾನ, ಎಷ್ಟೋ ಸಲ ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಎಷ್ಟು ಹೆಚ್ಚು, ಎಷ್ಟು ಕಾಲ ಉಸಿರಾಡಿದರೆ ಅಪಾಯ ಅಷ್ಟು ಹೆಚ್ಚು. ಒಂದು ಬೇಸಿಗೆಯ ಆಟಕ್ಕೆ ಏನೂ ಆಗಲಿಕ್ಕಿಲ್ಲ. ಆದರೂ ನಿನ್ನ ಡಾಕ್ಟರಿಗೆ ಒಂದು ಮಾತು ಹೇಳಿಡು. ಈ ದೇಶ ಬಳಕೆಯಲ್ಲಿ ಉಳಿದಿದ್ದ ಬಿಳಿ ಬಗೆಯ ಆಸ್‌ಬೆಸ್ಟಾಸನ್ನು ನಿಷೇಧಿಸಿದ್ದೇ 2024ರಲ್ಲಿ. ನಮ್ಮ ಊರ ಕಡೆ ಶೀಟು ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ.

ನೀನು ಡಂಪ್‌ಸ್ಟರ್ ವಿಷಯ ಕೇಳಿದ್ದೆ, ನಾನು ಅದನ್ನೇ ಮರೆತೆ. ಇಪ್ಪತ್ತು ಘನ ಯಾರ್ಡಿನದು ಸಾಕೇ ಅಂತ ತಾನೆ? ಶಿಂಗಲ್‌ಗೆ ಜಾಗಕ್ಕಿಂತ ತೂಕ ಮುಖ್ಯ. ನೂರು ಚದರ ಅಡಿ ಹಳೆಯ ಶಿಂಗಲ್ ಹೆಚ್ಚುಕಮ್ಮಿ 250 ಪೌಂಡ್ ತೂಗುತ್ತದೆ, ಎರಡು ಪದರ ಇದ್ದರೆ ಅದರ ಎರಡರಷ್ಟು. ಬಾಡಿಗೆಯಲ್ಲಿ ಎಷ್ಟು ಟನ್ ಸೇರಿದೆ, ಮೇಲಿನ ಟನ್ನಿಗೆ ಎಷ್ಟು ಹಾಕುತ್ತಾರೆ ಕೇಳು. ಅಂಚಿಗಿಂತ ಮೇಲೆ ತುಂಬಿದರೆ ಲಾರಿಯವನು ಎತ್ತುವುದಿಲ್ಲ. ಡ್ರೈವ್‌ವೇ ಮೇಲೆ ಹಲಗೆ ಹಾಸಿಸು. ರಸ್ತೆಯಲ್ಲಿ ಇಡುವುದಾದರೆ ನಗರದವರ ಪರವಾನಗಿ ಬೇಕಾಗಬಹುದು, ಒಂದು ಫೋನ್ ಮಾಡು. ರಾತ್ರಿ ಟಾರ್ಪಾಲು ಮುಚ್ಚು. ಮಳೆ ನೀರಿನ ತೂಕಕ್ಕೂ ದುಡ್ಡು ತೆರಬೇಕಾದೀತು, ಅಲ್ಲದೆ ಕತ್ತಲಾದ ಮೇಲೆ ಯಾರಾದರೂ ಹಳೆ ಹಾಸಿಗೆ ತಂದು ಎಸೆದು ಹೋಗುತ್ತಾರೆ. ನಿಮ್ಮ ರಾಜ್ಯದಲ್ಲಿ 2022ರ ನವೆಂಬರ್‌ನಿಂದ ಹಾಸಿಗೆಯನ್ನು ಕಸಕ್ಕೆ ಹಾಕುವಂತಿಲ್ಲ. ಇದೆಲ್ಲ ನಿನಗೆ ಆಗಲೇ ಗೊತ್ತಿದ್ದರೆ ಕ್ಷಮಿಸು.

ಆದರೆ ಆ ಬಿಲ್ಲೆ ಅದರೊಳಗೆ ಒಂದೂ ಬೀಳಬಾರದು. ಬಿದ್ದರೆ ಇಡೀ ಡಬ್ಬವನ್ನೇ ಆಸ್‌ಬೆಸ್ಟಾಸ್ ಕಸ ಅಂತ ಲೆಕ್ಕ ಹಾಕಿಯಾರು, ಬಿಲ್ಲು ನೋಡಿ ತಲೆ ತಿರುಗೀತು. ಅದನ್ನು ಒದ್ದೆ ಮಾಡಿ, ಒಡೆಯದ ಹಾಗೆ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಗುರುತು ಹಚ್ಚಿ, ಅದಕ್ಕೆಂದೇ ಅನುಮತಿ ಇರುವ ಜಾಗಕ್ಕೆ ಒಯ್ಯುವ ಲೈಸೆನ್ಸಿನವರೇ ಬೇರೆ ಇದ್ದಾರೆ. ದುಬಾರಿ ಅಂತ ಗೊತ್ತು. ಮಾಡಿನ ಉಳಿದ ಭಾಗ ಮೊದಲು ಮುಗಿಸು, ಅದು ಹಾಗೇ ಇರಲಿ, ಕೈಯಲ್ಲಿ ದುಡ್ಡಾದಾಗ ತೆಗೆಸಿದರಾಯಿತು. ಮಳೆ ಸೋರದಿದ್ದರೆ ಅವಸರ ಏನು?

ಶನಿವಾರ ಬರುವ ಗೆಳೆಯರಿಗೆ ಈಗಲೇ ಹೇಳು, ಅಡುಗೆಮನೆ ಕಡೆ ಏಣಿ ಇಡುವುದು ಬೇಡ ಅಂತ. ಅವರಿಗೂ ಮಕ್ಕಳಿದ್ದಾರೆ. ನಾನು ಶುಕ್ರವಾರ ರಾತ್ರಿ ಫೋನ್ ಮಾಡುತ್ತೇನೆ, ಎತ್ತು. ಸುಮಾಗೂ ಪುಟ್ಟಿಗೂ ನಮ್ಮಿಬ್ಬರ ಆಶೀರ್ವಾದ.

ನಿನ್ನ,
ಚಿಕ್ಕಪ್ಪ